ಹಳದಿ ಕಾರ್ಡಿನ ಹುಟ್ಟಿದ ದಿನ

ಕೌಂಟರಿನ ಹುಡುಗಿ ಆಯೇಷಾ ಹಳದಿ ಕಾರ್ಡನ್ನು ಪಾಸ್‌ಪೋರ್ಟಿನ ಪಕ್ಕಕ್ಕಿಟ್ಟು ಎರಡನೆಯ ಸಲ ನೋಡಿದಳು. ಅವ್ವನ ಪಕ್ಕ ನಿಂತಿದ್ದ ಅರ್ಪಿತಾ ಕೌಂಟರಿನತ್ತ ಬಾಗಿದಳು.

"ಪಾಸ್‌ಪೋರ್ಟಲ್ಲಿ ಜೂನ್ ಒಂದು, ಲಸಿಕೆ ಕಾರ್ಡಲ್ಲಿ ಫೆಬ್ರವರಿ ಹದಿನೇಳು," ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ಹಳದಿ ಜ್ವರದ ಕಾರ್ಡು ಸರಿಯಿಲ್ಲದೆ ಯುಗಾಂಡಾಕ್ಕೆ ಹತ್ತಿಸೋಕಾಗಲ್ಲ. ಆಂಟಿನ ಅಲ್ಲಿಂದ ವಾಪಸ್ ಕಳಿಸಿಬಿಡ್ತಾರೆ."

ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಆಗ ಬೆಳಿಗ್ಗೆ ಹತ್ತು ಇಪ್ಪತ್ತೆರಡು. ಹನ್ನೊಂದಕ್ಕೆ ಕೌಂಟರ್ ಮುಚ್ಚುತ್ತಿತ್ತು.

ಎಲ್ಲಿ ಎಡವಿದ್ದೆಂದು ಅರ್ಪಿತಾಳಿಗೆ ಕೂಡಲೇ ತಿಳಿಯಿತು. ಜೂನ್ ಒಂದು ಅವ್ವನ ಶಾಲೆಯ ಮೇಷ್ಟ್ರು ಬರೆದದ್ದು. ತಾನು ಶಿವರಾತ್ರಿಯ ಮಾರನೆಯ ದಿನ ಹುಟ್ಟಿದವಳು ಎಂಬುದಷ್ಟೇ ಅವ್ವ ಚಿಕ್ಕತಾಯಮ್ಮನಿಗೆ ಗೊತ್ತಿದ್ದದ್ದು. ಕಳೆದ ಚಳಿಗಾಲ ಅವಳು ಮಾನ್ಮತ್ ಜಂಕ್ಷನ್ನಿನ ಮಗಳ ಮನೆಗೆ ಬಂದಾಗ ಅರ್ಪಿತಾಳೇ ಹಳೆಯ ಪಂಚಾಂಗ ಹುಡುಕಿ ತಾರೀಖು ಕಂಡುಹಿಡಿದು, ಅವ್ವನ ಕೈಯಲ್ಲಿ ಬದುಕಿನ ಮೊದಲ ಕೇಕು ಕೊಯ್ಯಿಸಿದ್ದಳು. ಆಮೇಲೆ ಮಾರಿಸ್‌ಟೌನ್ ಲಸಿಕೆ ಕ್ಲಿನಿಕ್ಕಿನಲ್ಲಿ ಮಗಳು ಆಫೀಸಿನ ಕರೆಗೆಂದು ಹೊರಗೆ ಹೋದಾಗ, ನರ್ಸ್ ಕೇಳಿದ್ದಕ್ಕೆ ಅವ್ವ ಎದೆಯುಬ್ಬಿಸಿ "ಫೆಬ್ರವರಿ ಸೆವೆಂಟೀನ್" ಎಂದುಬಿಟ್ಟಿದ್ದಳು.

ಬಂಡೀಪುರದ ಅರಣ್ಯ ಶಿಬಿರದಲ್ಲಿ ಅವ್ವ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದ್ದಳು. ಆನೆಯ ಘೀಳು ಕೇಳಿದ್ದೇ ಹೆಚ್ಚು. ಕಂಡದ್ದು ಲಂಟಾನದ ಪೊದೆಗೆ ನುಸುಳುವ ಬಾಲ. ಈಗ ಎಡಗಣ್ಣು ಹೋಗಿತ್ತು. ಬಲಗಣ್ಣು ಈ ವರ್ಷ ದಾಟುವುದೂ ಅನುಮಾನ ಎಂದಿದ್ದರು ಡಾಕ್ಟರು. ಅದಕ್ಕೇ, ಕಣ್ಣಿರುವಾಗಲೇ ನೋಡಲೆಂದು, ಯುಗಾಂಡಾದ ಕಿಡೆಪೊ ಅಭಯಾರಣ್ಯ: ದಿಗಂತದವರೆಗೆ ಹುಲ್ಲುಬಯಲು, ಹಿಂಡು ಹಿಂಡು ಕಾಡೆಮ್ಮೆ, ಅಂಚಿನಲ್ಲಿ ದನ ಕಾಯುವ ಕರಮೊಜೊಂಗ್ ಜನರ ಹಟ್ಟಿಗಳು. ಅಲ್ಲಿಯ ಹೆಂಗಸರಿಗೆಂದು ಅವ್ವ ರಾಗಿ ಹುರಿಹಿಟ್ಟು ಕಟ್ಟಿಕೊಂಡಿದ್ದಳು.

ಕ್ಲಿನಿಕ್ಕಿಗೆ ಫೋನು ಹಚ್ಚಿದರೆ ಹದಿನಾಲ್ಕು ನಿಮಿಷ ಬರೀ ಸಂಗೀತ. ಕಡೆಗೆ ಅದೇ ನರ್ಸ್ ಸಿಕ್ಕಳು. ಅರ್ಪಿತಾ ಕಳಿಸಿದ ಪಾಸ್‌ಪೋರ್ಟಿನ ಫೋಟೋ ನೋಡಿದಳು.

"ತಿದ್ದಿ ಇಮೇಲ್ ಮಾಡಬಹುದು. ಆದ್ರೆ ಅವತ್ತು ಎರಡು ಸಲ ಕೇಳಿ ಬರ್ಕೊಂಡಿದ್ದೀನಿ. ತಾರೀಖು ಯಾವುದು ಅಂತ ಅವರೇ ಹೇಳ್ಬೇಕು."

ಅರ್ಪಿತಾ ಸ್ಪೀಕರ್ ಒತ್ತಿ ಫೋನನ್ನು ಅವ್ವನ ಮುಂದೆ ಹಿಡಿದಳು. "ಜೂನ್ ಒನ್ ಅನ್ನವ್ವ, ಸಾಕು."

"ನಾನೇನ್ ಸುಳ್ಳೇಳಿದ್ನಾ?"

"ಇಲ್ಲವ್ವ. ಈಗ ಹೇಳು."

"ಆ ಮೇಷ್ಟ್ರು ಕ್ಲಾಸಿಗೆಲ್ಲ ಅದೊಂದೇ ದಿನ ಬರ್ದ. ಮೂವತ್ತು ಮಕ್ಳೂ ಒಂದೇ ದಿನ ಹುಟ್ಟಿದ್ವಾ? ಎಮ್ಮೆ ಕರು ಹಾಕಿದ್ ದಿನ ನೆಪ್ಪಿತ್ತು ಅವ್ನಿಗೆ, ನಮ್ದು ಬ್ಯಾಡ್ವಾಗಿತ್ತು." ಅವಳ ದನಿ ಇಳಿಯಿತು. "ಈ ನರ್ಸ್ ಹುಡ್ಗಿ ಒಬ್ಳೇ ಕಣ್ ಮಗಾ ಯಾವತ್ ಹುಟ್ಟಿದ್ದು ಅಂತ ನನ್ನ ನೋಡಿ ಕೇಳಿದ್ದು. ಈಗ ಅವ್ಳಿಗೇ ಅಲ್ಲ ಅನ್ಲಾ?"

ಹತ್ತು ನಲವತ್ತಾರು. ಹಿಂದಿದ್ದವನು ಟ್ರಾಲಿಯನ್ನು ಅವರ ಹಿಮ್ಮಡಿಗೆ ತಾಗಿಸಿದ. "ಮ್ಯಾಡಮ್?" ಎಂದಿತು ಫೋನು.

ಅರ್ಪಿತಾ ಫೋನನ್ನು ಹಿಡಿದೇ ಇದ್ದಳು. ಆ ತಾರೀಖು ಹುಡುಕಿ ಕೊಟ್ಟವಳೇ ಅವಳು. ಅವ್ವ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು, ತೆಗೆದಳು. ಎಷ್ಟು ಉಳಿದಿದೆಯೆಂದು ಅಳೆಯುವುದು ಈಚೆಗೆ ಅವಳಿಗೆ ಅಭ್ಯಾಸವಾಗಿತ್ತು.

"ಜೂನ್ ಒನ್," ಎಂದಳು ಫೋನಿಗೆ.

ಹತ್ತು ಐವತ್ತೈದಕ್ಕೆ ಇಮೇಲ್ ಬಂತು. ಆಯೇಷಾ ಅದನ್ನು ಮುದ್ರಿಸಿ ಕಾರ್ಡಿಗೆ ಪಿನ್ ಹೊಡೆದು, ಸೂಟ್‌ಕೇಸಿಗೆ ಚೀಟಿ ಕಟ್ಟಿದಳು. ಪಾಸ್‌ಪೋರ್ಟ್ ಕೊಡುವಾಗ ನಕ್ಕಳು: "ಮುಂದಿನ ವಾರವೇ ಆಂಟಿ ಬರ್ತ್‌ಡೇ. ಸಿಂಹಗಳ ಮಧ್ಯೆ."

"ಏನಂದ್ಲು?" ಎಂದಳು ಅವ್ವ.

"ಬೇಗ ಹೋಗಿ ಅಂದ್ಲು," ಎಂದಳು ಅರ್ಪಿತಾ.

"ಬರ್ತ್‌ಡೇ ಅಂದ್ಲು. ಅಷ್ಟು ಗೊತ್ತಾಯ್ತದೆ ನಂಗೆ." ಅವ್ವ ಕೈಚೀಲವನ್ನು ಹೆಗಲಿಗೇರಿಸಿ ಮಗಳ ತೋಳು ಹಿಡಿದಳು. "ನಡಿ. ಕಣ್ಣು ಕಾಯಾಕಿಲ್ಲ."