ಚೌಕದಲ್ಲಿ ಕೂರದ ಹೆಸರು

ನಮ್ಮ ಯಜಮಾನರು ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಕೂಡುಬರಹ ಕಲಿಸುತ್ತಿದ್ದರು. ಪೆನ್ನು ಎತ್ತದೆ, ಒಂದಕ್ಷರದ ಬಾಲ ಇನ್ನೊಂದರ ಕೊರಳಿಗೆ ಸುತ್ತಿ, ಪದ ಮುಗಿಯುವವರೆಗೆ ಒಂದೇ ಓಟ. ಆಗ ಬರುತ್ತಿದ್ದ ಮಕ್ಕಳು ಎಷ್ಟೆಂದರೆ, ಅವರ ಚಪ್ಪಲಿ ದಾಟಿ ಬೀದಿಗಿಳಿಯಲು ನನಗೆ ಅರ್ಧ ದಿನ ಹಿಡಿಯುತ್ತಿತ್ತು. ಶಾಲೆಯ ಮೆಟ್ಟಿಲು ಹತ್ತದ ನಾನು ಬೋರ್ಡು ಒರೆಸುತ್ತ ಒರೆಸುತ್ತ ಅದೊಂದನ್ನು ಕಲಿತೆ. ಅಚ್ಚಿನ ಅಕ್ಷರ ಇವತ್ತಿಗೂ ಓದಲು ಬಾರದು. ಆಸ್ತಿ ಭಾಗವಾದ ಅಣ್ಣತಮ್ಮಂದಿರ ಹಾಗೆ ಒಂದರ ಮುಖ ಒಂದು ನೋಡದೆ ನಿಂತಿರುತ್ತವೆ. ಬೆಳಿಗ್ಗೆ ಪೇಪರ್ ಹಿಡಿದು ಕೂರುತ್ತೇನೆ, ಅದು ಬೇರೆ ಮಾತು. ಮನೆಯಲ್ಲಿ ಯಾರಿಗೂ ಈ ಗುಟ್ಟು ಗೊತ್ತಿಲ್ಲ.

ಯಜಮಾನರು ಹೋದಮೇಲೆ ಉಳಿದ ಶಿಷ್ಯೆ ಒಬ್ಬಳೇ, ಮೊಮ್ಮಗಳು ಗುಬ್ಬಿ. ನಾನೇ ಕಲಿಸಿದೆ. ದಿನಾ ಶಾಲೆಗೆ ಹೊರಡುವಾಗ ನನ್ನ ದಿಂಬಿನ ಕೆಳಗೆ ಚೀಟಿ ಇಡುವಳು: 'ಅಜ್ಜಿ, ನಿನ್ನ ಗೊರಕೆಗೆ ಗಡಿಯಾರ ನಿಂತುಹೋಯ್ತು.' ಭೂಮಿಯ ಮೇಲೆ ನಾನು ಓದಬಲ್ಲ ಅಕ್ಷರ ಬರೆಯುವವಳು ಅವಳೊಬ್ಬಳೇ.

ದೊಡ್ಡ ಶಾಲೆಯ ಪ್ರವೇಶ ಪರೀಕ್ಷೆಗೆ ಅರ್ಜಿ ಬಂತು. ಮಗುವೇ ತುಂಬಬೇಕಂತೆ.

"ಅಜ್ಜಿ, ಸೂಚನೆ ಮಾರುದ್ದ ಇದೆ. ನೀನು ಓದಿ ಹೇಳು, ಹೇಗೆ ಬರೀಲಿ?"

ಕಿಟಕಿಯ ಬೆಳಕಿಗೆ ಹಿಡಿದು ತುಟಿ ಆಡಿಸಿದೆ. "ಅಂದವಾಗಿ ಬರೀಬೇಕಂತೆ ಕಣೆ."

"ಮತ್ತೆ ಈ ಚೌಕಗಳು?"

"ಅವು ಕೈ ನಡುಗೋರಿಗೆ. ನಿನಗ್ಯಾಕೆ ಊರುಗೋಲು? ತಾತನ ಹಾಗೆ ಒಂದೇ ಓಟಕ್ಕೆ ಬರಿ."

ಬರೆದಳು. ಅವಳ ಹೆಸರು ಅಷ್ಟೂ ಬೇಲಿಗಳನ್ನು ಹಾರಿ ಹೋಯಿತು. ನನಗೆ ಕಣ್ಣು ತುಂಬಿ ಬಂತು.

ತಿಂಗಳ ಮೇಲೆ ಸೊಸೆ ಒಂದು ಕಾಗದ ಹಿಡಿದು ಬಂದಳು. "ಅತ್ತೆ, ಇವಳ ಹೆಸರು ಅರ್ಜಿ ಓದೋ ಮಿಷನ್ನಿಗೆ ಬರೀ ಗೀಚು ಕಾಣಿಸ್ತಂತೆ. ಅರ್ಜೀನೇ ತಳ್ಳಿಹಾಕಿದ್ದಾರೆ."

"ಆ ಮಿಷನ್ನಿಗೊಂದು ಕನ್ನಡಕ ಹಾಕ್ಸೋಕೆ ಹೇಳು."

"ತಮಾಷೆ ಬೇಡಿ. ಪರೀಕ್ಷೆ ನಿನ್ನೆ ಮುಗೀತು. ಒಂದಿಡೀ ವರ್ಷ ಹೋಯ್ತು. ಒಂದು ಚೌಕಕ್ಕೆ ಒಂದಕ್ಷರ ಅಂತ ಮೇಲೇ ಇತ್ತಲ್ಲ, ಯಾರೂ ಓದ್ಲಿಲ್ವಾ?"

ಗುಬ್ಬಿ ನನ್ನ ಕಡೆ ನೋಡಲಿಲ್ಲ. "ನಾನೇ ಓದ್ಲಿಲ್ಲಮ್ಮ."

"ಅವಳದ್ದಲ್ಲ ತಪ್ಪು, ಹಾಗೆ ಬರಿ ಅಂತ ನಾನು ಹೇಳಿದ್ದು," ಎಂದೆ. ಉಪ್ಪುಖಾರ ಹಚ್ಚದೆ ಆಡಿದ ಮಾತು ಅದೊಂದೇ. ಅದೂ ಅರ್ಧ. ಓದಲು ಬಾರದು ಎನ್ನುವ ಉಳಿದರ್ಧವನ್ನು ಬಚ್ಚಿಟ್ಟುಕೊಂಡೆ.

ಸೊಸೆ ಚೌಕದ ನೋಟ್‌ಬುಕ್ಕು ತಂದಳು. ಗುಬ್ಬಿಯ ಕೈ ಗೆರೆ ದಾಟಿ ಓಡುತ್ತಿತ್ತು. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಬರೆಯುವಳು. ಪಕ್ಕದಲ್ಲಿ ಕೂತು "ಎತ್ತು, ಪೆನ್ನು ಎತ್ತು" ಎಂದು ಹೇಳಿದವಳೂ ನಾನೇ. ಎರಡು ತಿಂಗಳಿಗೆ ಆ ಕೈ ಚೌಕದೊಳಗೆ ಸುಮ್ಮನಾಯಿತು.

ಅಷ್ಟು ದಿನ ನಿಂತಿದ್ದ ಚೀಟಿ ಆಮೇಲೊಂದು ದಿನ ಮತ್ತೆ ದಿಂಬಿನ ಕೆಳಗೆ ಬಂತು. ಅಕ್ಷರಗಳು ಬಿಡಿಬಿಡಿಯಾಗಿ ನಿಂತಿದ್ದವು. ತಿರುಗಿಸಿ ಮುರುಗಿಸಿ ನೋಡಿದೆ.

ಸಂಜೆ ಗುಬ್ಬಿ ಬಂದು ಕೇಳಿದಳು: "ಓದಿದ್ಯಾ ಅಜ್ಜಿ?"

"ಓದ್ದೆ ಇರ್ತೀನಾ? ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು ಕಣೆ!"

ಅವಳ ಮುಖ ಸಣ್ಣಗಾಯಿತು. "ನಗೋ ಅಂಥದ್ದು ಬರೆದಿರ್ಲಿಲ್ಲ," ಎಂದು ಒಳಗೆ ಹೋದಳು.

ಮತ್ತೆ ಚೀಟಿ ಇಡಲಿಲ್ಲ. ಇದೊಂದು ನನ್ನ ಹತ್ತಿರವೇ ಇದೆ. ಸೊಸೆಗೆ ಕೊಟ್ಟರೆ ಒಂದು ನಿಮಿಷದಲ್ಲಿ ಓದಿ ಹೇಳುತ್ತಾಳೆ. ಕೊಟ್ಟಿಲ್ಲ.