ಹಟ್ಟಿಯ ಮಕ್ಕಳನ್ನು ಯಾರು ನೋಡಿದರು?

ಕೂಗಿ ಕೂಗಿ ಕದಿರಯ್ಯನವರ ಗಂಟಲು ಕಟ್ಟಿತ್ತು.

“ಲೇ ಅನೂ, ಒಂದು ಚೊಂಬು ನೀರು ತಾರೇ ಅಂತ ಅವಾಗ್ಲಿಂದ ಬಡ್ಕೊಂತಾ ಇವ್ನಿ. ಎದ್ದೇಳ್ತೀಯೋ ಇಲ್ವೋ?”

ಜಗಲಿಯ ಕೆಳಗೆ ಕೂತು ಕಡಲೆಕಾಯಿ ಸಿಪ್ಪೆ ಜೋಡಿಸಿ ಆಡುತ್ತಿದ್ದ ಮೊಮ್ಮಗಳು ಅನುಷಾ ತಲೆಯನ್ನೂ ಎತ್ತಲಿಲ್ಲ. ಅವಳಿಗೆ ಐದು ವರ್ಷ.

“ನೋಡಮ್ಮ ರಾಧಾ, ನಿನ್ ಮಗಳ ಹಟಾನ. ಯಾರ ಮಾತಿಗೂ ಬೆಲೆ ಇಲ್ಲ ಇವಳತ್ರ.”

ಸೊಸೆ ರಾಧಾಮಣಿ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಅವಳಿಗೂ ಸಾಕಾಗಿಹೋಗಿತ್ತು. ಅಂಗನವಾಡಿಯ ಟೀಚರ್ ಕೂಡ ಇದನ್ನೇ ಹೇಳುತ್ತಿದ್ದರು. ಹಾಡು ಹೇಳಿಕೊಟ್ಟರೆ ಬಾಯಿ ಬಿಡುವುದಿಲ್ಲ, ಬಾ ಎಂದರೆ ಬರುವುದಿಲ್ಲ, ಸುಮ್ಮನೆ ಮುಖ ನೋಡುತ್ತಾಳೆ ಎಂದು. ಗಂಡ ಅಂಬರೀಶ್ ಶಿರಾದ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದ. ವಾರಕ್ಕೊಮ್ಮೆ ಬರುವವನ ಹತ್ತಿರ ಮಗಳ ದೂರು ಹೇಳಿದರೆ, “ಚಿಕ್ಕೋಳು, ಬುಡು, ಸರಿಹೋಯ್ತಾಳೆ” ಎಂದು ಮಲಗಿಬಿಡುತ್ತಿದ್ದ.

ಅಷ್ಟರಲ್ಲಿ ಬೀದಿಯಿಂದ ಬ್ರೇಕು ಕಿರುಚಿದ ಸದ್ದು ಬಂತು. ರಾಧಾಮಣಿ ಮುದ್ದೆ ಕೋಲು ಬಿಸಾಡಿ ಓಡಿದಳು. ಡೇರಿಯ ಹಾಲಿನ ವ್ಯಾನು ಹಿಂದಕ್ಕೆ ಬರುತ್ತ ಅನುಷಾಳಿಗೆ ತಗಲುವಷ್ಟು ಹತ್ತಿರ ನಿಂತಿತ್ತು. ಮಗು ಯಾವಾಗ ಎದ್ದು ಬೀದಿಗೆ ಹೋಯಿತೋ ಯಾರೂ ನೋಡಿರಲಿಲ್ಲ. ಡ್ರೈವರು ಇಳಿದು ಬಂದು ಕೂಗಾಡಿದ.

“ಹಾರ್ನ್ ಮೇಲೆ ಹಾರ್ನ್ ಹೊಡೀತಾ ಇದೀನಿ. ಅಲ್ಲಾಡಲ್ಲ ಅಂತದೆ. ಏನ್ ಮಕ್ಕಳನ್ನ ಸಾಕ್ತೀರಮ್ಮ ನೀವು?”

ಹೆದರಿಕೆಗೋ ಸಿಟ್ಟಿಗೋ ರಾಧಾಮಣಿ ಮಗಳ ಬೆನ್ನಿಗೆ ಒಂದು ಬಾರಿಸಿದಳು. ಅನುಷಾ ಬಿಕ್ಕಿ ಬಿಕ್ಕಿ ಅಳುತ್ತ ಕೇಳಿದಳು, “ಯಾಕಮ್ಮ ಹೊಡ್ದೆ? ನಾನೇನ್ ಮಾಡ್ದೆ?”

ಮಗುವಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬೆನ್ನ ಹಿಂದೆ ವ್ಯಾನು ಬಂದಿದ್ದೂ ಗೊತ್ತಿರಲಿಲ್ಲ.

ಎದುರು ಮನೆಯ ಲೋಹಿತಾ ಹೊಲಿಗೆ ಮೆಷಿನ್ ಬಿಟ್ಟು ಬಂದು ಮಗುವನ್ನು ಎತ್ತಿಕೊಂಡಳು. ಅವಳು ಸ್ತ್ರೀಶಕ್ತಿ ಸಂಘದವಳು, ರಾಧಾಮಣಿಯ ಸ್ನೇಹಿತೆ. ಮಗುವಿನ ಕೂದಲು ಸರಿಸಿದವಳು ಮೂಗು ಮುಚ್ಚಿಕೊಂಡಳು.

“ಅಕ್ಕಾ, ಇದೇನಿದು? ಕಿವಿ ಸೋರ್ತಾ ಐತೆ. ಎಷ್ಟ್ ದಿನದಿಂದ?”

“ಆವಾಗಾವಾಗ ಸೋರುತ್ತೆ, ನಿಲ್ಲುತ್ತೆ. ಮಾವ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಬಿಡ್ತಾರೆ.”

ಲೋಹಿತಾ ಮಗುವನ್ನು ಕೆಳಗಿಳಿಸಿ ಅವಳ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದಳು. ಅನುಷಾ ತಿರುಗಲಿಲ್ಲ. ಜೋರಾಗಿ ಕರೆದಳು. ಆಗಲೂ ಇಲ್ಲ. ಮುಂದೆ ಬಂದು ಮುಖ ನೋಡುತ್ತ ಮೆಲ್ಲಗೆ ಕರೆದಳು. ಮಗು ತುಟಿಗಳನ್ನೇ ನೋಡಿ “ಆ?” ಎಂದಿತು.

“ಹಟ ಅಲ್ಲ ಕಣಕ್ಕಾ. ನಿನ್ ಮಗಳಿಗೆ ಕೇಳಿಸ್ತಾ ಇಲ್ಲ.”

ರಾಧಾಮಣಿ ಮಗಳನ್ನು ಬಾಚಿ ಅಪ್ಪಿಕೊಂಡಳು. ಇಷ್ಟು ದಿನ ಬೈದದ್ದು, ಹೊಡೆದದ್ದು ಎಲ್ಲ ಕಣ್ಣ ಮುಂದೆ ಬಂತು.

“ಊರಿಗೆ ಮಕ್ಕಳ ತಪಾಸಣೆ ವ್ಯಾನು ಬಂದಾಗ ಹೋಗಿ ತೋರಿಸ್ಲಿಲ್ವಾ?” ಎಂದಳು ಲೋಹಿತಾ.

“ಯಾವ ವ್ಯಾನು?”

“ಸರ್ಕಾರದ್ದು. ಡಾಕ್ಟರು, ನರ್ಸಮ್ಮ ಎಲ್ಲ ಅದ್ರಲ್ಲೇ ಬರ್ತಾರೆ. ಅಂಗನವಾಡಿ ಮಕ್ಕಳನ್ನ ವರ್ಷಕ್ಕೆ ಎರಡು ಸಲ ನೋಡ್ಬೇಕು, ಸ್ಕೂಲ್ ಮಕ್ಕಳನ್ನ ಒಂದ್ಸಲ. ಕಣ್ಣು, ಕಿವಿ, ಹಲ್ಲು, ಎದೆ, ಎಲ್ಲಾನೂ. ಹದಿನೆಂಟು ವರ್ಷದ ತನಕ ತಪಾಸಣೇನೂ ಚಿಕಿತ್ಸೇನೂ ಉಚಿತ.”

“ನಮ್ಮಟ್ಟಿಗೆ ಬಂದೇ ಇಲ್ವಲ್ಲೇ ಲೋಹಿತಾ!”

ಬಂದಿರಲಿಲ್ಲ. ಐ.ಡಿ.ಹಳ್ಳಿ ಕಡೆಯ ಬಿಳಿಬಂಡೆ ಊರಿಗೆ ವ್ಯಾನು ಬರುತ್ತಿತ್ತು. ಹಳ್ಳದ ಆಚೆಗಿನ ಬಿಳಿಬಂಡೆಹಟ್ಟಿಗೆ ಬರುತ್ತಿರಲಿಲ್ಲ. ಊರಿನ ಮಕ್ಕಳನ್ನು ನೋಡಿ ಮುಗಿಸಿದರೆ ಹಟ್ಟಿಯದೂ ಮುಗಿಯಿತೆಂದು ಊರಿನವರೆಲ್ಲ ತಿಳಿದುಕೊಂಡಿದ್ದರು.

“ನಾಡಿದ್ದು ಊರಲ್ಲಿ ಆರೋಗ್ಯ ಸಮಿತಿ ಸಭೆ ಐತೆ. ಸಂಘದ ಕಡೆಯಿಂದ ನಾನೂ ಅದ್ರಲ್ಲಿ ಮೆಂಬರು. ನೀನೂ ಬಾ, ಮಗೂನೂ ಕರ್ಕೊಂಡ್ ಬಾ” ಎಂದಳು ಲೋಹಿತಾ.

ಕದಿರಯ್ಯ ಜಗಲಿಯಿಂದಲೇ ನಕ್ಕರು. ಖುಷಿಯ ನಗೆಯಲ್ಲ.

“ಸಮಿತಿಯಂತೆ! ನಾನ್ ನೋಡಿಲ್ವಾ ಸಮಿತಿಗಳನ್ನ? ಕಾಪಿ ಕುಡೀತಾರೆ, ಸೈನ್ ಹಾಕ್ತಾರೆ, ಎದ್ದೋಯ್ತಾರೆ. ಅವರೇನ್ ಡಾಕ್ಟರಾ? ಔಷಧಿ ಕೊಡ್ತಾರಾ?”

“ಔಷಧಿ ಕೊಡಲ್ಲ ತಾತ. ಸರ್ಕಾರದ ಆರೋಗ್ಯ ಯೋಜನೆ ಯಾವ ಮಗೂಗೆ ಮುಟ್ತು, ಯಾವ ಮಗೂಗೆ ಮುಟ್ಲಿಲ್ಲ ಅಂತ ನೋಡೋದು ಅವರ ಕೆಲ್ಸ. ಮುಟ್ಟಿಲ್ಲ ಅಂದ್ರೆ ಮೇಲಿನೋರಿಗೆ, ಇಂಗಿಂಗೆ ಮಾಡಿ ಅಂತ ಸಲಹೆ ಕೊಡ್ಬೇಕು.”

“ಸಲಹೆ! ಬರೀ ಸಲಹೆಗೆ ಯಾವನು ಕಿವಿ ಕೊಡ್ತಾನೆ?”

“ಯಾರೂ ಏನೂ ಹೇಳ್ದೆ ಇದ್ರೆ ಅವರಿಗಾದ್ರೂ ಹೆಂಗೆ ಗೊತ್ತಾಗುತ್ತೆ ತಾತ?” ಲೋಹಿತಾಳಿಗೂ ತಾಳ್ಮೆ ತಪ್ಪಿತ್ತು. “ಪ್ರತಿ ಸಭೇಲೂ ನಾನೊಬ್ಳೇ ಹಟ್ಟಿ ಹಟ್ಟಿ ಅಂತ ಬಾಯಿ ಬಡ್ಕೊಂಡು ಬರ್ತೀನಿ. ಮಕ್ಕಳ ತಾಯಂದಿರು ಒಬ್ರೂ ಬರಲ್ಲ. ಮನೇಲಿ ಕೂತು ಸಮಿತೀನ ಬೈಯೋಕೆ ಮಾತ್ರ ಎಲ್ರೂ ಇದಾರೆ. ಇನ್ನೊಂದು ಮಾತು, ಸೋರೋ ಕಿವಿಗೆ ಎಣ್ಣೆ ಬಿಡಬೇಡಿ. ಇರೋ ಕಿವೀನೂ ಹೋಗುತ್ತೆ.”

“ನಮ್ಮವ್ವ ನಂಗೂ ಎಣ್ಣೇನೇ ಬಿಟ್ಟಿದ್ಲು” ಎಂದು ಕದಿರಯ್ಯ ಮುಖ ತಿರುಗಿಸಿದರು.

ಸಭೆ ಊರಿನ ಅಂಗನವಾಡಿಯಲ್ಲಿತ್ತು. ಅಧ್ಯಕ್ಷೆ ಕರಿಬಸಮ್ಮ ಗ್ರಾಮ ಪಂಚಾಯಿತಿ ಸದಸ್ಯೆ. ಅವರು ಬಂದದ್ದೇ ತಡವಾಗಿ. ಬಂದವರು ಚರಂಡಿಯ ಮಾತು ತೆಗೆದರು. ಚರಂಡಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಯಾರದೋ ಮನೆಯ ಹಂದಿಗೆ, ಹಂದಿಯಿಂದ ಹಳೆಯ ಜಗಳಕ್ಕೆ ಮಾತು ಹೋಯಿತು. ಮೂಲೆಯಲ್ಲಿ ರಾಧಾಮಣಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಲ್ಲು ಕಚ್ಚಿ ಕಾದಳು. ಕಾಫಿ ಬಂತು.

“ಇನ್ನೇನೂ ಇಲ್ವಲ್ಲ? ಮುಗಿಸೋಣ್ವಾ?” ಎಂದರು ಕರಿಬಸಮ್ಮ.

“ಐತೆ” ಎಂದಳು ಲೋಹಿತಾ. “ಹಟ್ಟಿ ಮಕ್ಕಳ ತಪಾಸಣೆ.”

“ಅದು ಆಗಿದ್ಯಲ್ಲ” ಎಂದರು ಆಶಾ ಕಾರ್ಯಕರ್ತೆ ಶಿವರಂಜನಿ. “ವ್ಯಾನು ಬಂದಾಗ ಹಟ್ಟಿಯವರನ್ನ ಇಲ್ಲಿಗೇ ಬನ್ನಿ ಅಂತ ಹೇಳಿಕಳಿಸಿದ್ದೆ. ಬರದಿದ್ರೆ ನಾನೇನ್ ಮಾಡ್ಲಿ? ನಂಗೂ ನೂರೆಂಟು ಕೆಲ್ಸ.”

“ಯಾರ್ ಕೈಲಿ ಹೇಳಿಕಳಿಸಿದ್ರಿ?” ರಾಧಾಮಣಿ ಎದ್ದು ನಿಂತಳು. “ನಮಗ್ಯಾರೂ ಹೇಳ್ಲಿಲ್ಲ. ಹೇಳಿದ್ರೂ ಹಳ್ಳ ದಾಟಿ ಎಲ್ಲಾ ಮಕ್ಕಳನ್ನ ಹೆಂಗೆ ಹೊತ್ಕೊಂಡ್ ಬರ್ಬೇಕಿತ್ತು? ಕೂಲಿಗೆ ಹೋಗಿರ್ತೀವಿ. ವ್ಯಾನಿಗೆ ಚಕ್ರ ಇಲ್ವಾ?”

“ಮುಂದಿನ ಸಲ ನೋಡೋಣ ಬುಡಮ್ಮ” ಎಂದರು ಕರಿಬಸಮ್ಮ.

“ಮುಂದಿನ ಸಲ, ಮುಂದಿನ ಸಲ! ನಮ್ಮಟ್ಟಿ ಊರಿಗೆ ಸೇರಿಲ್ವಾ ಮೆಂಬ್ರಮ್ಮ? ಓಟು ಕೇಳೋಕೆ ಬಂದಾಗ ಸೇರಿತ್ತು. ಹಳ್ಳ ದಾಟ್ಕೊಂಡೇ ಬಂದಿದ್ರಿ.”

ಯಾರೋ ನಕ್ಕರು. ಕರಿಬಸಮ್ಮನ ಮುಖ ಕೆಂಪಾಯಿತು. ರಾಧಾಮಣಿ ಮಗಳನ್ನು ಕೋಣೆಯ ನಡುವೆ, ಕಿಟಕಿಯ ಕಡೆ ಮುಖ ಮಾಡಿ ನಿಲ್ಲಿಸಿದಳು.

“ನನ್ ಮಗಳ ಹೆಸರು ಅನುಷಾ. ಹಿಂದಿನಿಂದ ಒಂದ್ಸಲ ಕರೀರಿ ನೋಡೋಣ.”

ಕರಿಬಸಮ್ಮ ಕರೆದರು. ಮತ್ತೆ ಕರೆದರು. ಪಂಚಾಯಿತಿ ಸಭೆಯಲ್ಲಿ ಮೈಕಿಲ್ಲದೆ ಮಾತಾಡುವ ಗಂಟಲು ಅವರದು. ಕೊನೆಗೆ ಚಪ್ಪಾಳೆಯನ್ನೂ ತಟ್ಟಿದರು. ಮಗು ಕಿಟಕಿಯಾಚೆಯ ಮೇಕೆಯನ್ನು ನೋಡುತ್ತ ನಿಂತೇ ಇತ್ತು.

ಶಿವರಂಜನಿ ಕಾಫಿ ಲೋಟ ಕೆಳಗಿಟ್ಟರು.

“ಹಟ್ಟೀಲಿ ಇಂಗೆ ಇನ್ನೂ ಎಷ್ಟು ಮಕ್ಕಳವೆ?” ಎಂದು ಕರಿಬಸಮ್ಮ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಯಾರೂ ನೋಡಿಯೇ ಇರಲಿಲ್ಲವಲ್ಲ.

ಕರಿಬಸಮ್ಮ ಕೆಟ್ಟ ಹೆಂಗಸಲ್ಲ. ಸಮಿತಿ ಎಂದರೆ ತಿಂಗಳಿಗೊಂದು ಸಭೆ, ಒಂದು ಸಹಿ ಎಂದು ತಿಳಿದುಕೊಂಡಿದ್ದರು, ಅಷ್ಟೆ. ಅವತ್ತು ಅಲ್ಲಿಂದಲೇ ತಾಲ್ಲೂಕಿನ ಆರೋಗ್ಯಾಧಿಕಾರಿಗೆ ಫೋನ್ ಮಾಡಿದರು. ಆ ಕಡೆಯಿಂದ ಬಂದ ಉತ್ತರ ಎಲ್ಲರಿಗೂ ಕೇಳಿಸಿತು.

“ಮೇಡಂ, ಹಟ್ಟಿಯಲ್ಲಿ ಬೇರೆ ಅಂಗನವಾಡಿ ಇದೆ, ಅಲ್ಲಿಗೂ ಹೋಗಬೇಕು ಅಂತ ನಿಮ್ಮ ಸಮಿತಿಯಿಂದ ಇವತ್ತಿನವರೆಗೆ ಒಂದು ಮಾತೂ ಬಂದಿಲ್ಲ. ನೀವು ಹೇಳದಿದ್ದರೆ ಯಾರು ಹೇಳಬೇಕು? ಬರೆದು ಕೊಡಿ, ದಿನ ಗೊತ್ತುಮಾಡ್ತೇನೆ.”

ಬರೆದು ಕೊಟ್ಟರು. ದಿನವೂ ಗೊತ್ತಾಯಿತು. ಹಟ್ಟಿಯ ತಾಯಂದಿರು ಕೂಲಿ ಬಿಟ್ಟು ಮಕ್ಕಳಿಗೆ ತಲೆ ಬಾಚಿ ಕೂತರು. ಅವತ್ತೇ ಮಳೆ ಸುರಿದು ಹಳ್ಳ ತುಂಬಿತು, ವ್ಯಾನು ಬರಲಿಲ್ಲ.

“ನಾನ್ ಹೇಳ್ಲಿಲ್ವಾ?” ಎಂದರು ಕದಿರಯ್ಯ. ಸರಿಯಾದ ಮಾತು ಹೇಳಿದ ಗತ್ತು ಅವರ ಮುಖದಲ್ಲಿತ್ತು.

“ಮಾವ, ದಯವಿಟ್ಟು ಸುಮ್ನಿರಿ” ಎಂದಳು ರಾಧಾಮಣಿ. ಮದುವೆಯಾಗಿ ಬಂದ ಮೇಲೆ ಮಾವನಿಗೆ ಎದುರಾಡಿದ್ದು ಅದೇ ಮೊದಲು. ಮಾರನೆಯ ದಿನ ಅವಳೂ ಲೋಹಿತಾಳೂ ಕರಿಬಸಮ್ಮನ ಮನೆ ಬಾಗಿಲಲ್ಲಿ ನಿಂತರು. ಕರಿಬಸಮ್ಮ ಮತ್ತೆ ಫೋನ್ ಮಾಡಿದರು. ನೀರು ಇಳಿದ ಮೇಲೆ ವ್ಯಾನು ಬಂತು.

ಹಟ್ಟಿಯ ಅಂಗನವಾಡಿಯ ಮುಂದೆ ಮಕ್ಕಳ ಸಾಲು ನಿಂತಿತು. ಒಬ್ಬ ಹುಡುಗನಿಗೆ ಹತ್ತಿರದ ಚಿತ್ರ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಒಂದು ಹಸುಗೂಸಿನ ಎದೆಬಡಿತ ಸರಿಯಿಲ್ಲ, ಕೂಡಲೇ ದೊಡ್ಡಾಸ್ಪತ್ರೆಗೆ ಹೋಗಬೇಕು ಎಂದರು ವ್ಯಾನಿನಲ್ಲಿ ಬಂದ ಡಾಕ್ಟರಮ್ಮ. ಆ ಕೂಸಿನ ತಾಯಿ ತನ್ನ ಮಗುವಿಗೆ ಹಾಲು ಕುಡಿಯುವುದಕ್ಕೂ ಸೋಮಾರಿತನ ಎಂದುಕೊಂಡಿದ್ದಳು.

ಅನುಷಾಳ ಕಿವಿಗೆ ಬೆಳಕು ಹಿಡಿದು ನೋಡಿದ ಡಾಕ್ಟರಮ್ಮ ಕೇಳಿದರು, “ಇದರೊಳಗೆ ಏನು ಹಾಕಿದ್ದೀರಿ?”

ರಾಧಾಮಣಿ ಮಾವನ ಮುಖ ನೋಡಿದಳು. ಕದಿರಯ್ಯ ತಲೆ ತಗ್ಗಿಸಿದರು.

“ಎರಡೂ ಕಿವಿಯ ತಮಟೆ ತೂತಾಗಿದೆ. ಒಳಗೆಲ್ಲ ಕೀವು. ತುಮಕೂರಿನ ಜಿಲ್ಲಾಸ್ಪತ್ರೆಗೆ ಬರೆದುಕೊಡ್ತೇನೆ. ತಡ ಮಾಡಬೇಡಿ.”

“ಆಪರೇಷನ್ ಮಾಡ್ತಾರಾ?” ಕದಿರಯ್ಯ ಗಾಬರಿಯಾದರು. “ಹೆಣ್ಣ್ ಮಗು ಡಾಕ್ಟ್ರಮ್ಮ. ತಲೆ ಹತ್ರ ಕತ್ತರಿ ಹಾಕಿ ಏನಾದ್ರೂ ಆದ್ರೆ?”

“ಈಗ ಏನೂ ಆಗಿಲ್ವಾ ಅಜ್ಜ?” ಎಂದರು ಡಾಕ್ಟರಮ್ಮ. “ಮಾತು ಕಲಿಯೋ ವಯಸ್ಸಲ್ಲಿ ಮಾತೇ ಕೇಳಿಸ್ತಿಲ್ಲ. ಹೀಗೇ ಬಿಟ್ಟರೆ ಸ್ಕೂಲಲ್ಲಿ ಪಾಠ ಹೇಗೆ ಕಲೀತಾಳೆ?”

ತುಮಕೂರಿನ ಬಸ್ಸು ಹತ್ತುವಾಗ ರಾಧಾಮಣಿ, ಅಂಬರೀಶನ ಹಿಂದೆ ಕದಿರಯ್ಯನವರೂ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದಿದ್ದರು. “ಮಗು ಅತ್ರೆ ಸಮಾಧಾನ ಮಾಡೋಕೆ ಒಬ್ರು ಬೇಕಲ್ಲ” ಎಂದರು.

ತಿಂಗಳುಗಟ್ಟಲೆ ಓಡಾಡಿದರು. ಅದೇನು ಸುಲಭವಿರಲಿಲ್ಲ. ಒಂದು ದಿನ ಯಂತ್ರ ಕೆಟ್ಟಿರುತ್ತಿತ್ತು, ಇನ್ನೊಂದು ದಿನ ಸಾಲು ಕರಗುತ್ತಲೇ ಇರಲಿಲ್ಲ. ಸಿಟ್ಟು ಬರುತ್ತಿತ್ತು. ಆದರೂ ಬಿಡದೆ ಹೋದರು. ಬಲಗಿವಿಯ ಕೀವು ಒಣಗಿತು, ತೂತು ತಾನಾಗಿ ಮುಚ್ಚಿಕೊಂಡಿತು, ಆ ಕಿವಿ ಕೇಳಿಸತೊಡಗಿತು. ಎಡಗಿವಿ ಅಷ್ಟು ಸುಲಭಕ್ಕೆ ಮಣಿಯಲಿಲ್ಲ. ಅದಕ್ಕೆ ಸ್ವಲ್ಪ ದೊಡ್ಡವಳಾದ ಮೇಲೆ ಆಪರೇಷನ್ ಆಗಬೇಕು, ಅಲ್ಲಿಯತನಕ ಕಿವಿಯಂತ್ರ ಹಾಕಬೇಕು ಎಂದರು. ಯಂತ್ರವನ್ನು ಆಸ್ಪತ್ರೆಯಲ್ಲೇ ಕೊಟ್ಟರು.

“ಒಂದು ವರ್ಷ ಮುಂಚೆ ಬಂದಿದ್ದರೆ ಈ ಎಡಗಿವೀನೂ ಔಷಧಿಯಲ್ಲೇ ವಾಸಿಯಾಗ್ತಿತ್ತೇನೋ” ಎಂದರು ಅಲ್ಲಿನ ಡಾಕ್ಟರು.

ಬಸ್ಸಿನಲ್ಲಿ ವಾಪಸು ಬರುವಾಗ ಕದಿರಯ್ಯ ಆ ಮಾತನ್ನೇ ಮತ್ತೆ ಮತ್ತೆ ಹೇಳಿಕೊಂಡರು. “ಒಂದ್ ವರ್ಷ ಮುಂಚೆ. ವ್ಯಾನು ಹಳ್ಳದ ಆಚೆಗೇ ಬಂದು ಹೋಗಿತ್ತಲ್ಲಮ್ಮ, ಒಂದ್ ವರ್ಷ ಮುಂಚೆ. ನಾನಿಲ್ಲಿ ಎಣ್ಣೆ ಕಾಯಿಸ್ತಾ ಕೂತಿದ್ದೆ.” ರಾಧಾಮಣಿಗೆ ಮಾವನ ಮೇಲೆ ಸಿಟ್ಟಿತ್ತು. ತನ್ನ ಮೇಲೂ ಇತ್ತು. ಆದರೆ ಅವರ ಕಣ್ಣಲ್ಲಿ ನೀರು ನೋಡಿ ಮಗಳನ್ನು ಅವರ ತೊಡೆಯ ಮೇಲೆ ಕೂರಿಸಿದಳು.

ಮುಂದಿನ ಸಮಿತಿ ಸಭೆಗೆ ಕರೆಯದೆಯೇ ಬಂದು ಮುಂದಿನ ಸಾಲಿನಲ್ಲಿ ಕೂತವರು ಕದಿರಯ್ಯ. ಚರಂಡಿಯ ಮಾತು ಶುರುವಾಗುವ ಮೊದಲೇ ಕೈ ಎತ್ತಿದರು.

“ಮೊದ್ಲು ಮಕ್ಕಳ ವಿಷ್ಯ. ಕಲ್ಲು ಕ್ವಾರಿ ಹತ್ರ ಶೆಡ್ಡಲ್ಲಿ ಪಾವಗಡದ ಆಚೆಯಿಂದ ಬಂದಿರೋ ಕೂಲಿಯೋರವ್ರೆ. ತೆಲುಗು ಮಾತಾಡೋರು. ಅವರ ಮಕ್ಕಳನ್ನ ಯಾರು ನೋಡವ್ರೆ?”

ಶಿವರಂಜನಿ ನಿಟ್ಟುಸಿರುಬಿಟ್ಟರು. “ತಾತ, ಅವರು ನಮ್ಮೂರಿನೋರಲ್ಲ. ನಾಲ್ಕು ತಿಂಗಳಿದ್ದು ಹೋಗ್ತಾರೆ.”

“ನಾಲ್ಕು ತಿಂಗಳು ಅವರ ಮಕ್ಕಳಿಗೆ ಕಿವಿ ಸೋರಲ್ವಾ? ಕಣ್ಣು ನೋಯಲ್ವಾ?”

“ಈ ತಾತನ್ನ ಯಾರು ಕರ್ಕೊಂಡ್ ಬಂದದ್ದು?” ಎಂದು ಕರಿಬಸಮ್ಮ ಗೊಣಗಿದರು. ಆದರೂ ಫೋನ್ ತೆಗೆದರು. ಕ್ವಾರಿಯ ಶೆಡ್ಡಿಗೂ ವ್ಯಾನು ಹೋಗಬೇಕೆಂದು ಸಮಿತಿ ಅವತ್ತೇ ಸಲಹೆ ಬರೆಯಿತು. ಉತ್ತರ ಬರುವುದು ತಡವಾದರೆ ಏನು ಮಾಡಬೇಕೆಂದು ಈಗ ಅವರಿಗೆ ಗೊತ್ತು. ಮತ್ತೆ ಕೇಳಬೇಕು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಎಷ್ಟು ಸಲ ಹೇಳುವುದು? ನಿಮ್ಮ ಊರಿಗೂ ಒಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇದೆ. ಅದು ತಿಂಗಳಿಗೊಮ್ಮೆ ಸೇರಬೇಕು. ಅದರಲ್ಲಿ ನಿಮ್ಮ ಪಂಚಾಯಿತಿ ಸದಸ್ಯರು, ಆಶಾ, ಅಂಗನವಾಡಿ ಕಾರ್ಯಕರ್ತೆ, ನಿಮ್ಮ ಸಂಘದ ಹೆಂಗಸರೇ ಇರುತ್ತಾರೆ. ಅವರು ಸುಮ್ಮನಿದ್ದರೆ ಮೇಲಿನವರಿಗೆ ನಿಮ್ಮ ಮಗು ಕಾಣುವುದಿಲ್ಲ. ನೀವು ಸುಮ್ಮನಿದ್ದರೆ ಅವರಿಗೂ ಕಾಣುವುದಿಲ್ಲ. ಕೂಗಿದರೆ ತಿರುಗದ ಮಗುವನ್ನು ಬೈಯುವ ಮೊದಲು ಕಿವಿ ತೋರಿಸಿ. ಸೋರುವ ಕಿವಿಗೆ ಎಣ್ಣೆ ಬಿಡಬೇಡಿ. ಆಸ್ಪತ್ರೆಯಲ್ಲಿ ಒಂದು ದಿನ ಕೆಲಸವಾಗದಿದ್ದರೆ ಇನ್ನೊಂದು ದಿನ ಹೋಗಿ.

ನಾಳೆ ಮಗುವನ್ನು ಅಂಗನವಾಡಿಗೆ ಬಿಡಲು ಹೋದಾಗ ಬಾಗಿಲಲ್ಲೇ ನಿಂತು ಕೇಳಿ: ತಪಾಸಣೆ ತಂಡ ಯಾವಾಗ ಬಂದಿತ್ತು? ಯಾವ ಮಗು ಬಿಟ್ಟುಹೋಗಿದೆ? ಸಮಿತಿ ಯಾವತ್ತು ಸೇರುತ್ತದೆ? ಉತ್ತರ ಸಿಗುವ ತನಕ ಮನೆಗೆ ಹೋಗಬೇಡಿ.