ಪಸಿತಾ ಕುರ್ಚಿಗೆ ಒರಗಿದ ದಿನ

ಪಸಿತಾ ಯಾವ ಕುರ್ಚಿಯಲ್ಲೂ ಪೂರ್ತಿ ಕೂತವಳಲ್ಲ. ಕುರ್ಚಿ ಎಷ್ಟೇ ಅಗಲವಾಗಿರಲಿ, ಎಷ್ಟೇ ಮೆತ್ತಗಿರಲಿ, ಆಕೆಗೆ ಬೇಕಾದದ್ದು ಮುಂದಿನ ಅಂಚಿನ ನಾಲ್ಕು ಬೆರಳಿನ ಜಾಗ ಮಾತ್ರ. ಬೆನ್ನು ನೆಟ್ಟಗೆ, ಎರಡೂ ಪಾದ ನೆಲಕ್ಕೆ ಊರಿ, ಒಳಗಿನಿಂದ ಯಾರೋ ಈಗ ಕೂಗುತ್ತಾರೆ, ಎದ್ದು ಓಡಬೇಕು ಎಂಬ ಹಾಗೆ. ಫಿಲಿಪೀನ್ಸಿನ ಇಲೊಯಿಲೊ ಊರಿನ ದೊಡ್ಡ ಮನೆಗಳ ಬಟ್ಟೆ ಒಗೆದು ಮಗನನ್ನು ಓದಿಸಿದವಳು ಆಕೆ. ಒಗೆಯುವ ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಬೆವರು ಹೀರಲೆಂದು ಕುತ್ತಿಗೆಯ ಹಿಂದೆ, ರವಿಕೆಯೊಳಗೆ ಸಿಕ್ಕಿಸಿಕೊಳ್ಳುತ್ತಿದ್ದ ಪುಟ್ಟ ಟವೆಲ್ಲು ಮಾತ್ರ ಬಿಟ್ಟಿರಲಿಲ್ಲ. ಹಡಗಿನ ಏಸಿಯ ಚಳಿಗೆಂದು ಮಗ ಕೊಡಿಸಿದ ನೀಲಿ ಸ್ವೆಟರಿನ ಒಳಗೂ ಅದು ಇದ್ದೇ ಇತ್ತು. ಸ್ವೆಟರಿನ ತೋಳುಗಳೋ, ನೀರಿಗೆ ಕೈ ಹಾಕಲು ಸಿದ್ಧವಾಗಿ, ಯಾವಾಗಲೂ ಮೊಣಕೈವರೆಗೆ ಮಡಚಿಕೊಂಡೇ ಇರುತ್ತಿದ್ದವು.

ಮಗ ರೊದೆಲಿಯೊ ಪ್ರವಾಸಿ ಹಡಗಿನಲ್ಲಿ ಕೋಣೆಗಳನ್ನು ನೋಡಿಕೊಳ್ಳುವವನು. ಅವನ ದೀರ್ಘ ಸೇವೆಗೆ ಮೆಚ್ಚಿ ಕಂಪನಿ ಮನೆಯವರೊಬ್ಬರಿಗೆ ಬೆನ್ನುಬೆನ್ನಿಗೆ ಎರಡು ಯಾನಗಳನ್ನು ಕೊಟ್ಟಿತ್ತು: ಸಿಂಗಪುರದಿಂದ ಪಿನಾಂಗ್ ಕಡೆಗೆ ಹೋಗಿ ಬರುವ ಒಂದು, ಅಲ್ಲಿಂದಲೇ ವಿಯೆಟ್ನಾಮಿನ ಕಡೆಗೆ ಇನ್ನೊಂದು. ಜೊತೆಗೆ ಒಂದು ಕಟ್ಟಳೆ. ಹಾಗೆ ಬಂದವರು ಸಿಬ್ಬಂದಿಯ ಜಾಗಕ್ಕೆ ಕಾಲಿಡಬಾರದು, ಸಿಬ್ಬಂದಿಯ ಕೆಲಸಕ್ಕೆ ಕೈಹಾಕಬಾರದು. ಹಾಕಿದರೆ ಇದ್ದ ಬಂದರಿನಲ್ಲೇ ಇಳಿಸಿ ಊರಿಗೆ ಕಳಿಸುತ್ತಾರೆ. ರೊದೆಲಿಯೊ ಮೇಲ್ವಿಚಾರಕ ನ್ಯೋಮನ್‌ನ ಹಿಂದೆ ಬಿದ್ದು ತಾಯಿಯ ಕೋಣೆಯನ್ನು ತಾನು ನೋಡಿಕೊಳ್ಳುವ ಕೋಣೆಗಳ ಸಾಲಿಗೇ ಹಾಕಿಸಿಕೊಂಡಿದ್ದ. ಅವನಿಗಿದ್ದದ್ದು ಒಂದೇ ಆಸೆ. ತಾನು ಹಾಸಿದ ಹಾಸಿಗೆಯಲ್ಲಿ, ಆಕೆ ಒಗೆಯದ ಬಿಳಿ ಚಾದರದ ಮೇಲೆ, ತಾಯಿ ಒಂದು ರಾತ್ರಿಯಾದರೂ ಮಲಗಬೇಕು.

ಮೊದಲ ಯಾನವಿಡೀ ಅದು ಕೈಗೂಡಲಿಲ್ಲ. ಬೆಳಿಗ್ಗೆ ಅವನು ಬಾಗಿಲು ತಟ್ಟುವಷ್ಟರಲ್ಲಿ ಹಾಸಿಗೆ ಹಾಸಿರುತ್ತಿತ್ತು, ಚಾದರ ತಬಲೆಯ ಚರ್ಮದಂತೆ ಬಿಗಿದಿರುತ್ತಿತ್ತು, ಬಚ್ಚಲಿನ ಕನ್ನಡಿಯ ಮೇಲೆ ಒಂದು ಹನಿಯೂ ಉಳಿದಿರುತ್ತಿರಲಿಲ್ಲ. ಪಸಿತಾ ಕುರ್ಚಿಯ ಅಂಚಿನಲ್ಲಿ ಕೂತಿರುತ್ತಿದ್ದಳು.

"ಬಾ ತೋತೊ," ಎನ್ನುವಳು, ಅವರ ಊರಲ್ಲಿ ಗಂಡುಮಕ್ಕಳನ್ನು ಮುದ್ದಿನಿಂದ ಕರೆಯುವ ಹೆಸರಿನಲ್ಲಿ. "ಇಲ್ಲಿ ನಿಂಗೇನೂ ಕೆಲಸ ಇಲ್ಲ. ಸ್ವಲ್ಪ ಕೂತ್ಕೊಂಡು ಹೋಗು."

"ನಾನಾಯ್, ಇದು ನನ್ನ ಕೆಲಸ ಕಣಮ್ಮ."

"ನಿನ್ನ ಕೆಲಸ ಅಂತಾನೇ ಮಾಡಿಟ್ಟೆ. ಬೇರೆಯವರದಾಗಿದ್ರೆ ಮುಟ್ತಿದ್ನಾ?"

ತಾಯಿಯನ್ನು ಅವನು ನಾನಾಯ್ ಎಂದು ಕರೆಯುವುದನ್ನು ಕೇಳಿ ಹಡಗಿನಲ್ಲಿದ್ದ ಅವರ ನಾಡಿನವರೆಲ್ಲರಿಗೂ ಆಕೆ ನಾನಾಯ್ ಆದಳು. ಉಳಿದ ಪ್ರಯಾಣಿಕರು ಕಾಣದ ಮೂಲೆಯಲ್ಲಿ ಸಿಕ್ಕರೆ ಅವರು ಆಕೆಯ ಕೈಯನ್ನೆತ್ತಿ ಹಣೆಗೆ ಒತ್ತಿಕೊಳ್ಳುವರು. ಊಟದ ಮನೆಯಲ್ಲಿ ಆಕೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಮೇಜನ್ನೂ ಒರೆಸಿಬಿಟ್ಟಾಗ ಬಡಿಸುವವನು ಕೈಮುಗಿದ.

"ನಾನಾಯ್, ಹೀಗೆ ಒರೆಸಿದ್ರೆ ನಂಗೆ ಕೆಲಸ ಇಲ್ಲ ಅಂತ ಮನೆಗೆ ಕಳಿಸ್ತಾರೆ."

"ಕಳಿಸ್ಲಿ ಬಿಡು. ನಿಮ್ಮಮ್ಮನೂ ನಿನ್ನ ಮುಖ ನೋಡಿ ಎಷ್ಟು ದಿನ ಆಯ್ತೋ."

ಹೀಗೆ ಹಡಗು ಸಿಂಗಪುರಕ್ಕೆ ಮರಳಿತು. ಒಂದು ಯಾನ ಮುಗಿದು ಇನ್ನೊಂದು ಹೊರಡುವ ನಡುವಿನ ಆ ಹಗಲು ಹಡಗಿನವರ ಪಾಲಿಗೆ ಯುದ್ಧದ ಹಗಲು. ಬೆಳಿಗ್ಗೆ ಹಳಬರು ಇಳಿಯುತ್ತಾರೆ, ಮಧ್ಯಾಹ್ನ ಹೊಸಬರು ಹತ್ತುತ್ತಾರೆ. ಅಷ್ಟರೊಳಗೆ ಪ್ರತಿಯೊಂದು ಕೋಣೆಯೂ ಅಲ್ಲಿ ಹಿಂದೆಂದೂ ಯಾರೂ ಮಲಗಿಯೇ ಇರಲಿಲ್ಲವೆಂಬಂತೆ ಆಗಬೇಕು. ಕೋಣೆಗಳ ಮುಂದಿನ ಓಣಿಯುದ್ದಕ್ಕೂ ಕೊಳೆಬಟ್ಟೆಯ ಗುಡ್ಡಗಳು, ನಡುವೆ ಬಗ್ಗಿ ಏಳುವ ಬೆನ್ನುಗಳು. ಮುಂದಿನ ಯಾನಕ್ಕೂ ಉಳಿಯುವವರು ಸಹ ಒಮ್ಮೆ ದಡಕ್ಕಿಳಿದು, ಪಾಸ್‌ಪೋರ್ಟ್ ತೋರಿಸಿ, ಮತ್ತೆ ಹತ್ತಬೇಕು. ಹಡಗಿನಲ್ಲಿ ಒಬ್ಬ ಪ್ರಯಾಣಿಕನೂ ಉಳಿದಿಲ್ಲವೆಂದು ಲೆಕ್ಕ ಸೊನ್ನೆಗೆ ಬರುವ ತನಕ ಹೊಸಬರಿಗೆ ಬಾಗಿಲು ತೆರೆಯುವುದಿಲ್ಲ.

ಆ ದಿನ ಲೆಕ್ಕ ಒಂದಕ್ಕೆ ಬಂದು ನಿಂತಿತು.

ಧ್ವನಿವರ್ಧಕದಲ್ಲಿ ಪಸಿತಾಳ ಹೆಸರು ಕೇಳಿದಾಗ ರೊದೆಲಿಯೊ ಕೈಯಲ್ಲಿದ್ದ ದಿಂಬನ್ನು ಅಲ್ಲೇ ಬಿಟ್ಟು ಓಡಿದ. ತಾಯಿಯ ಕೋಣೆಯಲ್ಲಿ ಯಾರೂ ಇರಲಿಲ್ಲ. ವಿಚಿತ್ರವೆಂದರೆ, ಅಂದು ಹಾಸಿಗೆಯೂ ಹಾಸಿರಲಿಲ್ಲ. ಅದಕ್ಕಿಂತ ಮುಖ್ಯವಾದ ಕೆಲಸ ಕಂಡಿದ್ದರೆ ಮಾತ್ರ ಆಕೆ ಹಾಗೆ ಎದ್ದು ಹೋಗುವವಳು ಎಂದು ಅವನಿಗೆ ಹೊಳೆಯಿತು. ಓಣಿಯ ಕೊನೆಯ ಬಟ್ಟೆಕೋಣೆಯ ಬಾಗಿಲು ದೂಡಿದ. ಒಳಗೆ ಪಸಿತಾ ಸ್ವೆಟರಿನ ತೋಳು ಮೇಲೇರಿಸಿ, ಒಗೆದ ದಿಂಬಿನ ಚೀಲಗಳನ್ನು ಒಂದೇ ಸಮನೆ ಮಡಚಿ, ಗೋಪುರ ಕಟ್ಟುತ್ತಿದ್ದಳು.

"ನಾನಾಯ್, ಏನಮ್ಮ ಇದು."

"ಬೆಳಿಗ್ಗೆ ನೀನು ಸೊಂಟ ಹಿಡ್ಕೊಂಡು ನಿಂತಿದ್ದನ್ನ ನೋಡ್ದೆ," ಎಂದಳು, ತಲೆಯೆತ್ತದೆ. "ನೀನು ಹೀಗೆ ದುಡಿಯೋವಾಗ ನಾನು ದಡಕ್ಕೆ ಹೋಗಿ ಬಣ್ಣಬಣ್ಣದ ಅಂಗಡಿಗಳನ್ನ ನೋಡ್ತಾ ಕೂರ್ಲಾ? ಇದೊಂದು ಕಟ್ಟು ಮುಗೀಲಿ. ಅಷ್ಟೇ ತಾನೆ."

ಅವನ ಬೆನ್ನ ಹಿಂದೆ ನ್ಯೋಮನ್ ಬಂದು ನಿಂತಿದ್ದ. ಬಾಲಿಯ ಆ ದಪ್ಪ ಮನುಷ್ಯ ನಕ್ಕಿದ್ದನ್ನು ಕಂಡವರಿಲ್ಲ. ಅವನು ಮಡಚಿದ ಚೀಲಗಳ ಗೋಪುರವನ್ನು ನೋಡಿದ, ರೊದೆಲಿಯೊನ ಬಿಳಿಚಿದ ಮುಖ ನೋಡಿದ, ಆಮೇಲೆ ಪಸಿತಾಳ ಕಡೆ ತಿರುಗಿದ.

"ನಾನಾಯ್, ಒಂದು ಮಾತು ಹೇಳಿ. ನೀವು ಪ್ಯಾಸೆಂಜರ್ರೋ, ಕೆಲಸದವರೋ? ಪ್ಯಾಸೆಂಜರ್ ಆದ್ರೆ ದಾರಿ ತಪ್ಪಿ ಇಲ್ಲಿಗೆ ಬಂದಿದೀರಿ, ನಾನೇ ಕರ್ಕೊಂಡು ಹೋಗಿ ಬಿಡ್ತೀನಿ. ಕೆಲಸದವರಾದ್ರೆ ಮೇಲಿನವರಿಗೆ ಹೇಳ್ಬೇಕಾಗತ್ತೆ. ಇವತ್ತೇ ಊರಿಗೆ ಹೊರಡ್ಬೇಕಾಗತ್ತೆ."

ಪಸಿತಾ ಬದುಕಿನಲ್ಲಿ ಕೆಲಸವನ್ನು ಎಂದೂ ಅಲ್ಲಗಳೆದವಳಲ್ಲ. ಯಾರ ಮನೆಯ ಹಿತ್ತಿಲಲ್ಲಿ ಯಾರು ಕೇಳಿದರೂ ಒಗೆಯುವವಳು ನಾನು ಎಂದು ತಲೆಯೆತ್ತಿ ಹೇಳಿದವಳು. ಈಗ ಮಗನ ಕಡೆ ನೋಡಿದಳು. ಅವನ ಕಣ್ಣಿನಲ್ಲಿದ್ದದ್ದು ಹೆದರಿಕೆಯಲ್ಲ, ಬೇಡಿಕೆ ಎಂಬುದು ಆಕೆಗೆ ಕಂಡಿತು.

"ಪ್ಯಾಸೆಂಜರ್," ಎಂದಳು ಮೆಲ್ಲಗೆ.

"ಕೇಳಿಸ್ಲಿಲ್ಲ."

"ಪ್ಯಾಸೆಂಜರ್ ಕಣಯ್ಯ. ಇವನ ಸಾಲಿನ ಪ್ಯಾಸೆಂಜರ್."

"ಹಾಗಾದ್ರೆ ಪ್ಯಾಸೆಂಜರ್ ಕೈಯಲ್ಲಿ ದಿಂಬಿನ ಚೀಲ ಯಾಕಿದೆ? ಕೆಳಗಿಡಿ."

ಆಕೆ ಇಟ್ಟಳು. ಇಡುವಾಗಲೂ ಅಂಚು ಸರಿ ಮಾಡದೆ ಇರಲಾಗಲಿಲ್ಲ. ನ್ಯೋಮನ್ ರಾಜಮನೆತನದ ಹೆಂಗಸಿಗೆ ಕೊಡುವಂತೆ ತೋಳು ಚಾಚಿದ. ಪಸಿತಾ ಮಡಚಿದ್ದ ಸ್ವೆಟರಿನ ತೋಳುಗಳನ್ನು ಮಣಿಕಟ್ಟಿನವರೆಗೆ ಇಳಿಸಿಕೊಂಡು, ಅವನ ತೋಳು ಹಿಡಿದು ದಡಕ್ಕೆ ಏಣಿ ಇಳಿದಳು. ಲೆಕ್ಕ ಸೊನ್ನೆಗೆ ಬಂತು.

ಉಳಿಯುವವರಿಗೆ ಒಂದು ಮರ್ಯಾದೆಯುಂಟು, ಖಾಲಿ ಹಡಗಿಗೆ ಮೊದಲು ಕಾಲಿಡುವವರು ಅವರೇ. ಪಸಿತಾ ಒಳಬಂದಾಗ ಓಣಿಗಳು ತೊಳೆದ ಹೊಳಪಿನಲ್ಲಿ ನಿಶ್ಶಬ್ದವಾಗಿದ್ದವು. ಸ್ವಾಗತಕ್ಕೆ ಸಾಲಾಗಿ ನಿಂತ ಹಡಗಿನ ಹುಡುಗರ ಮುಂದೆ ನಡೆಯುವಾಗ ಆಕೆ ಯಾರ ಅಂಗಿಯ ಗುಂಡಿಯನ್ನೂ ಸರಿಪಡಿಸಲಿಲ್ಲ.

ಉಳಿಯುವವರ ಕೋಣೆ ಕೊನೆಗೆ ಮಾಡುವುದು ವಾಡಿಕೆ. ಹಾಗಾಗಿ ಹಾಸಿಗೆ ಬೆಳಿಗ್ಗೆ ಬಿಟ್ಟಂತೆಯೇ ಕೆದರಿ ಬಿದ್ದಿತ್ತು. ಪಸಿತಾ ಅದನ್ನು ನೋಡಿದಳು, ಬೆರಳುಗಳನ್ನು ಒಂದರೊಳಗೊಂದು ಹೆಣೆದುಕೊಂಡಳು, ಕಾದಳು. ರೊದೆಲಿಯೊ ಬಾಗಿಲು ತಟ್ಟಿದ.

"ಒಳಗೆ ಬರಬಹುದಾ, ಮೇಡಂ?"

"ಬಾರಪ್ಪ," ಎಂದು ಕುರ್ಚಿಯಲ್ಲಿ ಕೂತಳು. ಮೊದಲು ಅಂಚಿನಲ್ಲಿ. ಆಮೇಲೆ, ಆಳ ಗೊತ್ತಿಲ್ಲದ ನೀರಿಗೆ ಇಳಿಯುವವಳಂತೆ ಮೆಲ್ಲಮೆಲ್ಲಗೆ ಹಿಂದಕ್ಕೆ ಸರಿದು, ಬೆನ್ನು ಒರಗಿಸಿದಳು. ಪಾದಗಳು ನೆಲದಿಂದ ಒಂದಿಷ್ಟು ಮೇಲೆದ್ದವು.

ಅವನು ಹೊಸ ಚಾದರ ಕೊಡವಿದ. ಅದು ಗಾಳಿಯಲ್ಲಿ ತುಂಬಿ, ತೇಲಿ, ಇಳಿಯಿತು. ಮೂಲೆಗಳನ್ನು ಅವನು ಮಡಚಿದ ಬಗೆ ಹಿತ್ತಿಲಲ್ಲಿ ಆಕೆಯೇ ಕಲಿಸಿದ್ದು. ಮೂರು ಮೂಲೆ ಹರಿತವಾಗಿ ಬಂದವು. ನಾಲ್ಕನೆಯದರಲ್ಲಿ, ಬೆಳಗಿನಿಂದ ದಣಿದ ಕೈ ತುಸು ಜಾರಿ, ಒಂದು ಸುಕ್ಕು ಉಳಿಯಿತು. ಪಸಿತಾ ಅದನ್ನು ಕಂಡಳು. ಆಕೆಯ ಕಣ್ಣಿಗೆ ಅದು ಕಾಣದೆ ಇರುವುದು ಸಾಧ್ಯವೇ ಇರಲಿಲ್ಲ. ಕುರ್ಚಿಯ ಕೈ ಹಿಡಿದ ಬೆರಳುಗಳು ಬಿಗಿದವು.

"ಹೇಗಿದೆ?" ಎಂದ ಅವನು, ಬೆನ್ನು ನೆಟ್ಟಗೆ ಮಾಡುತ್ತ.

"ನಾನು ಇಂಥ ಹಾಸಿಗೆ ಎಲ್ಲೂ ನೋಡಿಲ್ಲ ತೋತೊ," ಎಂದಳು ಪಸಿತಾ, ಮತ್ತು ಒರಗಿಯೇ ಇದ್ದಳು.

ಇಂಥವರು ಎಲ್ಲ ಊರಿನ ಹಿತ್ತಿಲುಗಳಲ್ಲೂ ಇದ್ದಾರೆ. ವಿಶ್ರಾಂತಿಯನ್ನು ಅವರು ತಮಗೆಂದು ಎಂದೂ ತೆಗೆದುಕೊಳ್ಳುವವರಲ್ಲ. ಕಾಣಿಕೆಯಂತೆ ಕೊಡಹೋದರೆ ಬಾಗಿಲಲ್ಲೇ ತಡೆದು ಕೆಲಸಕ್ಕೆ ಎದ್ದುಬಿಡುತ್ತಾರೆ. ತಾವು ಸುಮ್ಮನೆ ಕೂತರೆ ಎದುರಿಗಿರುವವರು ತಲೆಯೆತ್ತಿ ನಿಲ್ಲುತ್ತಾರೆ ಎಂದು ಗೊತ್ತಾದ ದಿನ ಮಾತ್ರ ಕೂರುತ್ತಾರೆ, ಅದೂ ಮೈಯ ಒಂದೊಂದು ಎಲುಬನ್ನೂ ಒಪ್ಪಿಸಿ. ನೋಡುವವರಿಗೆ ಅವರು ದಣಿವಾರಿಸಿಕೊಳ್ಳುತ್ತಿರುವಂತೆ ಕಾಣುತ್ತದೆ. ಅವರಾದರೋ, ತಮ್ಮ ಬದುಕಿನ ಅತ್ಯಂತ ಕಷ್ಟದ ಕೆಲಸವನ್ನು ಮಾಡುತ್ತಿರುತ್ತಾರೆ, ಮತ್ತು ಎಂದಿನಂತೆ ಅದನ್ನೂ ಚೊಕ್ಕಟವಾಗಿ ಮಾಡುತ್ತಾರೆ.